ಘಟ್ಟಕುಟೀಪ್ರಭಾತನ್ಯಾಯವೂ ಅಯ್ಯಾವೊಳೆಯ ಐನೂರ್ವರೂ

ಸುಂಕವನ್ನು ತಪ್ಪಿಸಿಕೊಳ್ಳಬೇಕೆಂದು ರಾತ್ರಿಯಲ್ಲಿ ಅಡ್ಡದಾರಿ ಹಿಡಿದ ವರ್ತಕನು ಅಲೆದಲೆದು, ಬೆಳಗಾಗುವಾಗ ಸುಂಕದ ಕಟ್ಟೆಯ ಬಾಗಿಲಲ್ಲಿಯೇ ನಿಂತಿದ್ದನೆಂಬುದು ಘಟ್ಟಕುಟೀಪ್ರಭಾತನ್ಯಾಯ. ದೋಷವೊಂದನ್ನು ಪರಿಹರಿಸಹೋದ ವಾದಿಯು ಅದೇ ದೋಷದಲ್ಲಿ ಬಿದ್ದಾಗ ಶಾಸ್ತ್ರಕಾರರು ಈ ದೃಷ್ಟಾಂತವನ್ನು ಕೊಡುವರು. ಇಂದು ರಾಷ್ಟ್ರಗಳು ಇದನ್ನೇ ಅರ್ಥನೀತಿಯಾಗಿ ಕೈಕೊಂಡಿವೆ. ವಿಶ್ವಕನಿಷ್ಠ ತೆರಿಗೆಯೆಂಬ ಆ ಏರ್ಪಾಡಿನ ಸ್ವರೂಪವನ್ನು ಇಲ್ಲಿ ವಿವರಿಸಲಾಗುವುದು.

ಬಹುದೇಶವ್ಯಾಪಾರವು ನಮ್ಮ ನಾಡಿಗೆ ಹೊಸತಲ್ಲ. ಇಳಕಲ್ಲಿನಂತೆಯೇ ಬಾಗಲಕೋಟೆ ಜಿಲ್ಲೆಗೆ ಸೇರಿದ, ಹುನಗುಂದ ತಾಲೂಕಿನ ಐಹೊಳೆಯೇ ಶಾಸನಗಳ ಅಯ್ಯಾವೊಳೆ. ಅಲ್ಲಿಯ ಐನೂರ್ವರು ಸ್ವಾಮಿಗಳು ನಾನಾದೇಶಿಗಳೆನಿಸಿ ಅನೇಕ ಅರಸರ ರಾಜ್ಯಗಳಲ್ಲಿ ವ್ಯವಹರಿಸಿದರು; ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರುಂಟು. ಆಗ ಹೆಜ್ಜುಂಕವೇ ಮೊದಲಾದ ಸುಂಕಗಳು ಸರಕಿನ ಮೇಲೆ ಬೀಳುತ್ತಿದ್ದುವು. ಎತ್ತಿನ ಬೆನ್ನ ಮೇಲಿನ ಹೇರು ಸುಂಕಿಗನ ಕಣ್ಣಿಗೆ ಕಾಣುತ್ತಿದ್ದಿತು.

ಇಂದಿನ ಲಾಭಕ್ಕೆ ಅಂತಹ ರೂಪವಿಲ್ಲ. ಒಂದು ದೇಶದಲ್ಲಿ ದುಡಿದು ಗಳಿಸಿದುದನ್ನು, ಹೆಸರು ಗುರುತುಗಳ ಸ್ವಾಮ್ಯಕ್ಕೆ ತೆತ್ತ ಬಾಡಿಗೆಯೆಂದು ಲೆಕ್ಕ ಬರೆದು, ತೆರಿಗೆ ಕಡಮೆಯಾದ ದ್ವೀಪಕ್ಕೆ ಸಾಗಿಸಬಹುದು. ಇದನ್ನು ತಡೆಯಲು 2021ರ ಅಕ್ಟೋಬರಿನಲ್ಲಿ ಭಾರತವೂ ಸೇರಿ 136 ಸರ್ಕಾರಗಳು ಒಂದು ಒಡಂಬಡಿಕೆಗೆ ಬಂದುವು. ವರ್ಷಕ್ಕೆ 75 ಕೋಟಿ ಯೂರೋಗಳಿಗೆ ಕಡಮೆಯಿಲ್ಲದ ವರಮಾನವುಳ್ಳ ಸಂಸ್ಥೆಗಳು ಪ್ರತಿಯೊಂದು ದೇಶದ ಲಾಭದ ಮೇಲೂ ನೂರಕ್ಕೆ 15ರಷ್ಟಾದರೂ ತೆರಬೇಕೆಂಬುದು ಅದರ ಸಾರ.

ಒಂದು ಉದಾಹರಣೆ: ಸಂಸ್ಥೆಯೊಂದು, ಕೆಲಸಗಾರರಾಗಲಿ ಕಟ್ಟಡವಾಗಲಿ ಇಲ್ಲದ ದ್ವೀಪದಲ್ಲಿ 100 ಕೋಟಿ ಲಾಭವನ್ನು ತೋರಿಸಿ 5 ಕೋಟಿ ತೆರಿಗೆ ಕೊಟ್ಟಿತೆನ್ನೋಣ. ಉಳಿದ 10 ಕೋಟಿಯನ್ನು ಮೊದಲು ಆ ದ್ವೀಪದ ಸರ್ಕಾರವೇ ತೆಗೆದುಕೊಳ್ಳಬಹುದು. ಅದು ಬಿಟ್ಟರೆ ಮಾತೃಸಂಸ್ಥೆಯಿರುವ ದೇಶವು. ಅದೂ ಬಿಟ್ಟರೆ ಸಂಸ್ಥೆಯು ವ್ಯವಹರಿಸುವ ಇತರ ದೇಶಗಳು. ಇರುಳೆಲ್ಲ ನಡೆದವನಿಗೆ ಕಟ್ಟೆಯಲ್ಲಿಯೇ ಬೆಳಗಾಯಿತು! ಆದುದರಿಂದ ಒಂದು ದೇಶವು ಕೊಟ್ಟ ವಿನಾಯಿತಿಯು ವರ್ತಕನಿಗೆ ದಕ್ಕದೆ ಪರರಾಷ್ಟ್ರದ ಬೊಕ್ಕಸಕ್ಕೆ ದಾನವಾಗುವುದು. ನೂರಕ್ಕೆ 12.5ರ ದರವಿದ್ದ ಐರ್ಲೆಂಡ್ ದೇಶವು 2024ರಿಂದ ಇಂತಹ ದೊಡ್ಡ ಸಂಸ್ಥೆಗಳಿಗೆ 15ನ್ನು ತಾನೇ ಪೂರ್ತಿಮಾಡಿಕೊಳ್ಳುವ ವಿಧಿಯನ್ನು ತಂದುದು ಈ ಕಾರಣದಿಂದಲೇ.

ಆದರೆ ನಿಯಮವು ಕುರುಡಲ್ಲ. ಕೆಲಸಗಾರರ ವೇತನಕ್ಕೂ ಕಟ್ಟಡ ಯಂತ್ರಗಳ ಬೆಲೆಗೂ ಅನುಸಾರವಾಗಿ ಲಾಭದ ಒಂದು ಭಾಗವನ್ನು ಈ ಲೆಕ್ಕದಿಂದ ಹೊರಗಿಡುವರು. ಕಣ್ಣಿಗೆ ಕಾಣುವ ಹೇರಿಗೆ ಮನ್ನಣೆಯುಂಟು, ಕಾಗದದ ಹೇರಿಗಿಲ್ಲ.

ಕಟ್ಟೆಯು ಎಲ್ಲರಿಗೂ ಸಮನಾಗಿದ್ದರೆ ಮಾತ್ರ ನ್ಯಾಯವು ನ್ಯಾಯವೆನಿಸುವುದು. 2025ರ ಜೂನಿನಲ್ಲಿ ಜಿ-7 ರಾಷ್ಟ್ರಗಳು, ಅಮೆರಿಕೆಯಲ್ಲಿ ಮಾತೃಸಂಸ್ಥೆಯಿರುವ ಸಮೂಹಗಳನ್ನು ಮೇಲೆ ಹೇಳಿದ ಎರಡನೆಯ ಮೂರನೆಯ ಕ್ರಮಗಳಿಂದ ಬಿಡಲು ಸಮ್ಮತಿಸಿದುವು. ಲಾಭವು ತೋರುವ ದೇಶವೇ ಮೊದಲು ತೆಗೆದುಕೊಳ್ಳುವ ಹಕ್ಕಿಗೆ ಇದರಿಂದ ಬಾಧೆಯಿಲ್ಲ. ಪರರ ಕಟ್ಟೆಯನ್ನು ನಂಬಿ ತನ್ನ ಕಟ್ಟೆಯಲ್ಲಿ ನಿದ್ರಿಸುವ ಸುಂಕಿಗನಿಗೆ ಬೆಳಗಾದ ಮೇಲೆ ಸಿಕ್ಕುವುದು ಎತ್ತಿನ ಹೆಜ್ಜೆಯ ಗುರುತು ಮಾತ್ರ.