ಹಿಮದ ಬಯಲಿನಲ್ಲಿ ಸಾಲು ಪಯಣ

ಓಸ್ಲೊದಿಂದ ಬರ್ಗನ್ನಿಗೆ ಹೊರಟ ರೈಲು ಕಾಡು, ಕಣಿವೆ, ಹಳ್ಳಿಗಳನ್ನೆಲ್ಲ ದಾಟಿ ಸುಮಾರು ನಾಲ್ಕೂವರೆ ತಾಸಿಗೆ ಮರವೇ ಇಲ್ಲದ ಬಿಳಿ ಬಯಲೊಂದನ್ನು ಮುಟ್ಟುತ್ತದೆ. ನಿಲ್ದಾಣದ ಹೆಸರು ಫಿನ್ಸೆ. ಸಮುದ್ರಮಟ್ಟದಿಂದ 1,222 ಮೀಟರ್ ಮೇಲಿರುವ ಇದು ನಾರ್ವೆಯ ಅತಿ ಎತ್ತರದ ರೈಲು ನಿಲ್ದಾಣ. ಇಲ್ಲಿಗೆ ಮೋಟಾರು ರಸ್ತೆಯಿಲ್ಲ. ಫೆಬ್ರುವರಿ ಕಳೆದು ಹಗಲು ಉದ್ದವಾಗುತ್ತಿದ್ದಂತೆ, ಅದರಲ್ಲೂ ಈಸ್ಟರ್ ರಜೆಯಲ್ಲಿ, ಬೆನ್ನಿಗೆ ಚೀಲ ಏರಿಸಿ ಕೈಯಲ್ಲಿ ಸ್ಕೀ ಹಿಡಿದ ಜನ ಇಲ್ಲಿ ಗುಂಪು ಗುಂಪಾಗಿ ಇಳಿಯುತ್ತಾರೆ. ರೈಲು ಮುಂದೆ ಹೋಗುವಷ್ಟರಲ್ಲಿ ಅವರ ಸಾಲು ಹಾರ್ಡಂಗರ್‌ವಿಡ್ಡ ಪ್ರಸ್ಥಭೂಮಿಯ ಕಡೆ ಮುಖ ಮಾಡಿರುತ್ತದೆ.

ಸ್ಕೀಯಿಂಗ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಿನಿಮಾ ಹಾಡಿನಲ್ಲಿ ಕಂಡ ಗುಲ್ಮಾರ್ಗ್ ನೆನಪಾಗುತ್ತದೆ: ಕೇಬಲ್ ಕಾರಿನಲ್ಲಿ ಮೇಲೇರುವುದು, ಇಳಿಜಾರಿನಲ್ಲಿ ಸರ್ರನೆ ಜಾರುವುದು. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನ ದಾರಿ ಬೇರೆ. ಇಲ್ಲಿ ಲಿಫ್ಟ್ ಇಲ್ಲ. ಏರು, ಇಳಿಜಾರು, ಹೆಪ್ಪುಗಟ್ಟಿದ ಕೆರೆ ಎಲ್ಲವನ್ನೂ ಸ್ವಂತ ಕಾಲಿನ ಬಲದಿಂದಲೇ ದಾಟಬೇಕು. ಬೂಟಿನ ತುದಿ ಮಾತ್ರ ಸ್ಕೀಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡಿಯಾಗಿರುತ್ತದೆ. ಒಂದು ಕಾಲಿನಿಂದ ಒದ್ದು ಇನ್ನೊಂದು ಕಾಲಿನ ಮೇಲೆ ಜಾರುತ್ತಾ, ಎದುರು ಕೈಯ ಕೋಲನ್ನು ಊರುತ್ತಾ ಸಾಗುವ ಈ ಕ್ರೀಡೆ ನಮ್ಮ ಚಾರಣಕ್ಕೆ ಹತ್ತಿರದ ನೆಂಟ. ಹತ್ತು-ಹನ್ನೆರಡು ಮಂದಿಯ ತಂಡ, ಮುಂದೊಬ್ಬ ಗೈಡ್, ಪ್ರತಿ ಸಂಜೆ ಹೊಸ ತಂಗುಮನೆ ಎಂಬ ಲೆಕ್ಕದಲ್ಲಿ ವಾರದ ರಜೆ ಕಳೆಯುವುದು ನಾರ್ವೆಯಲ್ಲಿ ಹಳೆಯ ಪದ್ಧತಿ.

ಮುಂಜಾವಿನ ಮೇಣದ ಪಾಠ

ತಂಗುಮನೆಯ ದಿನ ತಿಂಡಿಯ ಮೇಜಿನಲ್ಲಿ ಶುರುವಾಗುತ್ತದೆ. ಬ್ರೆಡ್ಡು, ಕಂದುಬಣ್ಣದ ಸಿಹಿ ಚೀಸ್, ಮೊಟ್ಟೆ, ಮೀನು ಎಲ್ಲ ಹರಡಿರುತ್ತವೆ. ಮಧ್ಯಾಹ್ನದ ಬುತ್ತಿಯನ್ನು ಅವರವರೇ ಅಲ್ಲಿಯೇ ಕಟ್ಟಿಕೊಳ್ಳಬೇಕು, ಥರ್ಮಾಸ್ ತುಂಬಿಸಿಕೊಳ್ಳಬೇಕು. ರಾತ್ರಿ ಒಣಗುವ ಕೋಣೆಯಲ್ಲಿ ತೂಗುಹಾಕಿದ ಕೈಗವಸು, ಕಾಲುಚೀಲಗಳನ್ನು ಹುಡುಕಿಕೊಂಡು ಎಲ್ಲರೂ ಅಂಗಳಕ್ಕಿಳಿದರೆ ಅಲ್ಲಿ ನಡೆಯುವುದು ಮೇಣ ಹಚ್ಚುವ ಕೆಲಸ.

ಈ ಕೆಲಸವನ್ನು ಸ್ವಲ್ಪ ನಿಂತು ನೋಡಬೇಕು. ಸ್ಕೀ ಸಪಾಟಾದ ಹಲಗೆಯಲ್ಲ. ಬಿಲ್ಲಿನ ಹಾಗೆ ಅದರ ನಡುಭಾಗ ಮೇಲಕ್ಕೆ ಬಾಗಿರುತ್ತದೆ. ಎರಡೂ ಕಾಲಿನ ಮೇಲೆ ಭಾರ ಹಂಚಿ ಜಾರುವಾಗ ನಡುಭಾಗ ಹಿಮವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಂದೇ ಕಾಲಿನ ಮೇಲೆ ಇಡೀ ಮೈಭಾರ ಹಾಕಿ ಒದ್ದಾಗ ಅದು ಹಿಮಕ್ಕೆ ಒತ್ತಿಕೊಳ್ಳುತ್ತದೆ. ಅಲ್ಲಿ ಹಚ್ಚಿದ ಮೇಣಕ್ಕೆ ಹಿಮದ ಹರಳಿನ ಮೊನೆಗಳು ಕಚ್ಚಿಕೊಳ್ಳುವುದರಿಂದ ಕಾಲು ಹಿಂದಕ್ಕೆ ಜಾರದೆ ಮುಂದಕ್ಕೆ ತಳ್ಳುತ್ತದೆ. ಹೊಸದಾಗಿ ಬಿದ್ದ ಚಳಿಯ ಹಿಮದ ಹರಳು ಚೂಪು, ಅದಕ್ಕೆ ಹಸಿರು ಅಥವಾ ನೀಲಿ ಬಣ್ಣದ ಗಟ್ಟಿ ಮೇಣ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಹಿಮ ಒದ್ದೆಯಾಗಿದ್ದರೆ ಕೆಂಪು ಬಣ್ಣದ ಮೆತ್ತನೆಯದು. ಕರಗಿ ಮತ್ತೆ ಹೆಪ್ಪಾದ ಒರಟು ಹಿಮಕ್ಕೆ ಟ್ಯೂಬಿನಿಂದ ಹಿಂಡುವ ಅಂಟು ಅಂಟಾದ ಕ್ಲಿಸ್ಟರ್. ತಪ್ಪು ಮೇಣ ಹಚ್ಚಿದರೆ ಒಂದೋ ಏರಿನಲ್ಲಿ ಕಾಲು ಹಿಂದೆ ಜಾರುತ್ತದೆ, ಇಲ್ಲವೇ ಹಿಮವೆಲ್ಲ ಅಡಿಗೆ ಮೆತ್ತಿಕೊಂಡು ಸ್ಕೀ ಮುಂದಕ್ಕೆ ಹೋಗುವುದೇ ಇಲ್ಲ. ಕಡಿದಾದ ಏರಿಗೆ ಅಡಿಯಲ್ಲಿ ಅಂಟಿಸುವ, ಒಂದೇ ದಿಕ್ಕಿನ ರೋಮವಿರುವ ಪಟ್ಟಿಯೂ ಚೀಲದಲ್ಲಿರುತ್ತದೆ. ಹೊಸಬರಿಗೆ ಈ ರಗಳೆ ಬೇಡವೆಂದು ಅಡಿಯಲ್ಲಿ ಮೀನಿನ ಹುರುಪೆಯಂಥ ಗೆರೆ ಕೊರೆದ ಸ್ಕೀಗಳೂ ಬಂದಿವೆ. ಆದರೆ ಹಿಮವನ್ನು ಮುಟ್ಟಿ, ಥರ್ಮಾಮೀಟರ್ ನೋಡಿ, ಆಕಾಶ ಗಮನಿಸಿ ಮೇಣ ಆರಿಸುವ ಈ ಹತ್ತು ನಿಮಿಷವೇ ಬೆಟ್ಟವನ್ನು ಓದಲು ಕಲಿಸುವ ಮೊದಲ ಪಾಠ.

ನಿಧಾನದ ನಡಿಗೆ

ಒಳ್ಳೆಯ ಗೈಡ್ ಹೊರಟ ಕೂಡಲೇ ವೇಗ ಹೆಚ್ಚಿಸುವುದಿಲ್ಲ. ತುಸು ಚಳಿಯೆನಿಸುವಷ್ಟು ಕಡಿಮೆ ಬಟ್ಟೆಯಲ್ಲಿ ಹೊರಡಿ ಎನ್ನುತ್ತಾರೆ, ಯಾಕೆಂದರೆ ಬೆವರಿದ ಮೈ ನಿಂತ ಕೂಡಲೇ ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ. ತಾಸಿಗೊಮ್ಮೆ ಚಿಕ್ಕ ವಿರಾಮ. ಚೀಲ ಇಳಿಸಿದವರು ಮೊದಲು ದಪ್ಪ ಜಾಕೆಟ್ ತೊಡಬೇಕು, ಆಮೇಲೆ ಚಹಾ, ಕಿತ್ತಳೆ, ಚಾಕೊಲೇಟು. ತಂಡದ ವೇಗವನ್ನು ತೀರ್ಮಾನಿಸುವವರು ಎಲ್ಲರಿಗಿಂತ ನಿಧಾನವಾಗಿ ನಡೆಯುವವರು. ಅವರನ್ನು ಬಾಲಕ್ಕೆ ಬಿಡದೆ ಗೈಡ್ ತನ್ನ ಹಿಂದೆಯೇ ಇರಿಸಿಕೊಳ್ಳುತ್ತಾರೆ, ಸಾಲಿನ ಕೊನೆಗೆ ಅನುಭವಿಯೊಬ್ಬರು ಬರುತ್ತಾರೆ. ಗೈಡಿನ ಚೀಲದಲ್ಲಿ ಸಲಿಕೆ, ಇಡೀ ತಂಡ ಒಳಗೆ ಕೂರಬಹುದಾದ, ಗಾಳಿ ತಡೆಯುವ ಚೀಲ, ಮುರಿದ ಸ್ಕೀಗೆ ತೊಡಿಸುವ ಬದಲಿ ತುದಿ, ನಕ್ಷೆ, ದಿಕ್ಸೂಚಿ ಇರುತ್ತವೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳಲ್ಲಿ ಹಿಮಕುಸಿತದ ಭಯವಿರುವುದರಿಂದ ದಾರಿ ಅವುಗಳ ಬುಡವನ್ನೂ ತಪ್ಪಿಸಿಕೊಂಡು ಸುತ್ತಿ ಹೋಗುತ್ತದೆ.

ದಾರಿ ತೋರಿಸಲು ಬಿಳಿ ಬಯಲಿನಲ್ಲಿ ನೆಟ್ಟ ಕೋಲುಗಳಿವೆ. 1868ರಲ್ಲಿ ಹುಟ್ಟಿದ ನಾರ್ವೆಯ ಚಾರಣ ಸಂಘದ ಸ್ವಯಂಸೇವಕರು ಪ್ರತಿ ಚಳಿಗಾಲ ಈಸ್ಟರ್‌ಗೆ ಮುಂಚೆ ಬರ್ಚ್ ಮರದ ರೆಂಬೆಯನ್ನೋ ಬಿದಿರನ್ನೋ ಹಿಮದಲ್ಲಿ ನೆಡುತ್ತಾ ಹೋಗುತ್ತಾರೆ. ಗಾಳಿ ಎದ್ದು ನೆಲ-ಆಕಾಶ ಒಂದಾದಾಗ ಒಂದು ಕೋಲಿನಿಂದ ಇನ್ನೊಂದು ಕೋಲಿಗೆ ಹೋಗುವುದೇ ಪಯಣ.

ಇದೇ ಸಂಘ ದೇಶದುದ್ದಕ್ಕೂ 500ಕ್ಕೂ ಹೆಚ್ಚು ತಂಗುಮನೆಗಳನ್ನು ನಡೆಸುತ್ತದೆ. ಕೆಲವುಗಳಲ್ಲಿ ಅಡುಗೆಯವರಿದ್ದಾರೆ. ಹಲವುಗಳಲ್ಲಿ ಯಾರೂ ಇಲ್ಲ. ಸದಸ್ಯರು ತಮ್ಮ ಬಳಿಯಿರುವ ಒಂದೇ ಮಾದರಿಯ ಬೀಗದಕೈಯಿಂದ ಬಾಗಿಲು ತೆಗೆದು, ಒಲೆ ಹೊತ್ತಿಸಿ, ಉಗ್ರಾಣದ ಡಬ್ಬಿಗಳಿಂದ ಅಡುಗೆ ಮಾಡಿಕೊಂಡು, ಬಳಸಿದ್ದನ್ನು ತಾವೇ ಲೆಕ್ಕ ಬರೆದು ಹಣ ಕಟ್ಟಿ ಹೋಗುತ್ತಾರೆ. ಹೊರಡುವ ಮುಂಚೆ ಮುಂದೆ ಬರುವವರಿಗಾಗಿ ಸೌದೆ ಒಡೆದು ಇಡಬೇಕು, ನೆಲ ಗುಡಿಸಬೇಕು. ಕಾವಲುಗಾರನಿಲ್ಲದ ಈ ಏರ್ಪಾಡು ಇಷ್ಟು ಕಾಲ ಉಳಿದಿರುವುದು ಜನರ ನಂಬಿಕೆಯಿಂದ.

ಎಂಟನೆಯ ನಿಯಮ

ಈ ಬಯಲು ಪರಿಣತರನ್ನೂ ಬಿಟ್ಟಿಲ್ಲ. 1896ರ ಚಳಿಗಾಲದಲ್ಲಿ ರೋಆಲ್ಡ್ ಅಮುಂಡ್‌ಸನ್ ತನ್ನ ಅಣ್ಣ ಲಿಯೋನ್ ಜೊತೆ ಹಾರ್ಡಂಗರ್‌ವಿಡ್ಡವನ್ನು ಸ್ಕೀಯಲ್ಲಿ ದಾಟಲು ಹೊರಟು ದಾರಿ ತಪ್ಪಿದ. ಒಂದು ರಾತ್ರಿ ಹಿಮದೊಳಗೇ ಹೂತುಹೋದವನನ್ನು ಅಣ್ಣ ಅಗೆದು ತೆಗೆದದ್ದರಿಂದ ಬದುಕಿದ. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ್ದು ಅದೇ ಅಮುಂಡ್‌ಸನ್ ತಂಡ.

1967ರ ಈಸ್ಟರ್ ರಜೆಯಲ್ಲಿ ನಾರ್ವೆಯ ಬೆಟ್ಟಗಳಲ್ಲಿ 18 ಮಂದಿ ಸತ್ತರು. ಆ ಬಳಿಕ ಚಾರಣ ಸಂಘವೂ ರೆಡ್‌ಕ್ರಾಸ್ ಸಂಸ್ಥೆಯೂ ಬೆಟ್ಟದ ನಿಯಮಗಳನ್ನು ಮನೆಮನೆಗೆ ಮುಟ್ಟಿಸಿದವು. ಈಸ್ಟರ್ ಪ್ರವಾಸದಲ್ಲಿ ಎಲ್ಲರ ಜೇಬಿನಲ್ಲಿರುವ ಕ್ವಿಕ್ ಲುನ್ಷ್ ಚಾಕೊಲೇಟಿನ ಹೊದಿಕೆಯ ಒಳಬದಿಯಲ್ಲೂ ಅವು ಅಚ್ಚಾದವು. ನಿಯಮಗಳು ಒಂಬತ್ತು. ಎಲ್ಲಿಗೆ ಹೋಗುತ್ತೀರೆಂದು ಹೇಳಿ ಹೋಗಿ, ಹವಾಮಾನ ಮತ್ತು ಹಿಮಕುಸಿತದ ಮುನ್ಸೂಚನೆ ನೋಡಿ, ನಿಮ್ಮ ಶಕ್ತಿ ಅರಿತು ದಾರಿ ಆರಿಸಿ ಎಂದೆಲ್ಲ ಅವು ಹೇಳುತ್ತವೆ. ನಾರ್ವೆಯ ಜನರ ನಾಲಿಗೆಯ ಮೇಲೆ ಸದಾ ಇರುವುದು ಎಂಟನೆಯದು: ಹೊತ್ತಿರುವಾಗಲೇ ಹಿಂತಿರುಗಿ, ಅದರಲ್ಲಿ ನಾಚಿಕೆಯೇನಿಲ್ಲ.

ಗೈಡ್ ಇರುವ ತಂಡದ ಸಾರ್ಥಕತೆ ಇರುವುದೇ ಈ ನಿಯಮದಲ್ಲಿ. ಒಬ್ಬಂಟಿಗ ತನ್ನ ಹಟಕ್ಕೆ ಬಲಿಯಾಗಬಹುದು. ಗೆಳೆಯರ ಗುಂಪಿನಲ್ಲಿ ಯಾರೂ ಮೊದಲು ಬಾಯಿ ಬಿಡುವುದಿಲ್ಲ. ರಜೆ ಹಾಕಿ, ದುಡ್ಡು ಕಟ್ಟಿ ಬಂದವರಿಗೆ ವಾಪಸ್ ಹೋಗೋಣ ಎನ್ನುವುದು ಸುಲಭವಲ್ಲ. ಆ ಮಾತನ್ನು ಆಡುವ ಹೊಣೆ ಗೈಡಿನದು, ಒಪ್ಪಿ ತಿರುಗುವ ಹೊಣೆ ತಂಡದ್ದು. ಸಂಜೆ ನಕ್ಷೆ ಬಿಚ್ಚಿ ನಾಳೆಯ ಹವೆ ಹೇಳುವಾಗಲೇ ಗೈಡ್ ಬದಲಿ ದಾರಿಯನ್ನೂ ತೋರಿಸಿರುತ್ತಾರೆ. ಗಾಳಿ ಜೋರಾಗಿದ್ದರೆ ಇಡೀ ದಿನ ತಂಗುಮನೆಯಲ್ಲೇ ಕೂರುವುದೂ ಪ್ರವಾಸದ ಭಾಗವೇ.

ಕೆಟ್ಟ ಹವೆಯಲ್ಲಿ ಹಿಂತಿರುಗುವ ಈ ಮಾತು ಕನ್ನಡಿಗರಿಗೆ ದೂರದ್ದಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಮಂದಿ ಪ್ರಾಣ ಕಳೆದುಕೊಂಡರು. ಬೆಟ್ಟವನ್ನು ಪ್ರೀತಿಸಿ ಹೋದವರು ಅವರು. ಅವರ ಮೇಲೆ ತಪ್ಪು ಹೊರಿಸುವುದು ಈ ಬರಹದ ಉದ್ದೇಶವಲ್ಲ. ಒಂದು ಈಸ್ಟರ್‌ನ ಸಾವುಗಳಿಂದ ನಾರ್ವೆ ಒಂದು ನಿಯಮವನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿತು. ನಮ್ಮ ಚಾರಣದ ಜಗತ್ತೂ ಅಂಥ ಕೆಲಸವನ್ನು ಇನ್ನೂ ದೊಡ್ಡದಾಗಿ ಮಾಡಬೇಕಿದೆ.

ಹೋಗಬೇಕೆನ್ನುವವರಿಗೆ

ಈ ಕ್ರೀಡೆ ಹಿಮ ಕಾಣದ ನಾಡಿನವರಿಗೆ ನಿಲುಕದ್ದೇನಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಸ್ಪರ್ಧೆ ಬೇಡ, ಪ್ರವಾಸ ಸಾಕು ಎನ್ನುವವರಿಗೆ ಬೇಕಾದದ್ದು ಎಂಟು-ಹತ್ತು ಕಿಲೋ ಚೀಲ ಹೊತ್ತು ದಿನಕ್ಕೆ 15ರಿಂದ 20 ಕಿ.ಮೀ. ಸಾಗುವ ಕಸುವು ಮತ್ತು ಬಿದ್ದು ಏಳುವ ತಾಳ್ಮೆ. ಮೊದಲು ಯಂತ್ರದಿಂದ ಅಚ್ಚು ಹಾಕಿದ ಜಾಡಿನಲ್ಲಿ ಕೆಲವು ದಿನ ಕಲಿಯಿರಿ. ಓಸ್ಲೊ ಪಕ್ಕದ ನೂರ್‌ಮಾರ್ಕ ಕಾಡಿನಲ್ಲಿ ಅಂಥ ಜಾಡುಗಳಿವೆ. ಇಳಿಜಾರಿನಲ್ಲಿ ವೇಗ ತಡೆಯುವುದನ್ನು ಕಲಿತ ಮೇಲೆಯೇ ಬೆಟ್ಟಕ್ಕೆ ಹೋಗಿ. ಹತ್ತಿಬಟ್ಟೆ ಬಿಟ್ಟು ಉಣ್ಣೆ ತೊಡಿ.

ಇನ್ನು ತಂಡವನ್ನು ಆರಿಸುವ ಮಾತು. ಫಿನ್ಸೆ ಇರಲಿ, ಹಿಮಾಲಯವಿರಲಿ, ನಮ್ಮ ಕುಮಾರಪರ್ವತವೇ ಇರಲಿ, ದರ ಮತ್ತು ಊಟದ ಬಗ್ಗೆ ವಿಚಾರಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ಹವೆ ಕೆಟ್ಟರೆ ಹಿಂತಿರುಗುವ ನಿರ್ಧಾರ ಯಾರದು, ಅದನ್ನು ಯಾವ ಹಂತದಲ್ಲಿ ತೆಗೆದುಕೊಳ್ಳುತ್ತೀರಿ? ಇದಕ್ಕೆ ನೇರ ಉತ್ತರ ಕೊಡದವರಿಗೆ ಹಣ ಕಟ್ಟಬೇಡಿ.