ಶೇಂಗಾ ಹಾಲಿನ ಪಾಸ್ತಾ: ಸಂಜೆಯ ಒಂದು ಅಡಿಗೆ

ಗೃಹಕೃತ್ಯಗಳಲ್ಲಿ ಸಂಜೆಯ ಅಡಿಗೆಯಷ್ಟು ಕಷ್ಟವಾದುದು ಮತ್ತೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಬೆಳಗಿನ ಅಡಿಗೆಗೆ ದೇಹದಲ್ಲಿ ಶಕ್ತಿಯಿರುತ್ತದೆ. ಹಬ್ಬದ ಅಡಿಗೆಗೆ ಮನಸ್ಸಿನಲ್ಲಿ ಉತ್ಸಾಹವಿರುತ್ತದೆ. ಕೆಲಸದ ದಿನದ ಸಂಜೆಗೆ ಎರಡೂ ಇರುವುದಿಲ್ಲ. ಮೊಳಕಾಲ್ಮುರುವಿನಲ್ಲಿ ರೇಷ್ಮೆಯ ಮಗ್ಗವುಳ್ಳ ಮನೆಯ ದುಡಿಮೆಗೆ ಒಬ್ಬರು ಸಾಲರು. ನೇಯುವವರು ಒಬ್ಬರಾದರೆ ನೂಲು ಸುತ್ತಿ ಕಂಡಿಕೆ ತುಂಬುವವರು ಮತ್ತೊಬ್ಬರು. ಚಳ್ಳಕೆರೆಯಲ್ಲಿ ಅಂಗಡಿ, ಕಛೇರಿ, ಶಾಲೆಗಳಿಂದ ಹಿಂದಿರುಗುವವರಲ್ಲಿ ಈಗ ಸ್ತ್ರೀಯರೂ ಅನೇಕರುಂಟು. ದೀಪ ಹಚ್ಚುವ ಹೊತ್ತಿಗೆ ಆಯಾಸವು ಎಲ್ಲರಿಗೂ ಸಮಾನ; ಒಲೆಯ ಮುಂದೆ ನಿಲ್ಲುವವಳು ಮಾತ್ರ ಒಬ್ಬಳು. ಮುದ್ದೆಯನ್ನು ಬಿಸಿಯಾಗಿಯೇ ಬಡಿಸಬೇಕು. ರೊಟ್ಟಿಯನ್ನು ಒಂದೊಂದಾಗಿ ಬೇಯಿಸಬೇಕು. ಎಲ್ಲರೂ ಉಂಡೆದ್ದ ಮೇಲೆ ಅವಳು ತಣ್ಣಗಾದುದನ್ನು ಉಣ್ಣುತ್ತಾಳೆ. ಮಾಡಿದವಳೂ ಎಲ್ಲರೊಡನೆ ಕುಳಿತು ಬಿಸಿಯಾಗಿ ಉಣ್ಣತಕ್ಕಂಥ ಅಡಿಗೆಯೊಂದು ವಾರದಲ್ಲಿ ಒಂದೆರಡು ದಿನವಾದರೂ ಬೇಡವೆ? ಅಂಥದೊಂದನ್ನು ಇಲ್ಲಿ ನಿರೂಪಿಸುವೆವು.

ಪಾಸ್ತಾ ಎಂಬ ಹೆಸರನ್ನು ಕೇಳಿ ಹಿರಿಯರು ಮುಖ ತಿರುಗಿಸಬೇಕಾದುದಿಲ್ಲ. ಇದು ಇಟಲಿ ದೇಶದವರ ನಿತ್ಯದ ಆಹಾರ. ಗಟ್ಟಿ ಜಾತಿಯ ಗೋಧಿಯ ರವೆಯನ್ನು ನೀರಿನಲ್ಲಿ ನಾದಿ, ನಾನಾ ಆಕಾರಗಳಲ್ಲಿ ಒತ್ತಿ ಒಣಗಿಸಿದ ಪದಾರ್ಥ. ನಮ್ಮ ಶ್ಯಾವಿಗೆಯ ಬಗೆಯೂ ಇದೇ ಅಲ್ಲವೆ? ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದ ಕೃತಾನ್ನವರ್ಗದಲ್ಲಿ ‘ಸೇವಿಕಾ’ ಎಂಬ ಭಕ್ಷ್ಯವನ್ನು ಹೇಳಿದ್ದಾನೆ. ಗೋಧಿಯ ಹಿಟ್ಟನ್ನು ಸಣ್ಣ ಬತ್ತಿಗಳಾಗಿ ಹೊಸೆದು, ಒಣಗಿಸಿ, ಹಾಲಿನಲ್ಲಿ ಬೇಯಿಸಿ, ತುಪ್ಪ ಸಕ್ಕರೆಗಳೊಡನೆ ತಿನ್ನಬೇಕೆಂಬುದು ಅವನ ವಿಧಿ. ಅದು ಬಲಕರವಾದರೂ ಗುರುವಾದುದು, ಅಂದರೆ ತಡವಾಗಿ ಜೀರ್ಣವಾಗತಕ್ಕದ್ದು. ಆದಕಾರಣ ಮಿತಿಮೀರಿ ತಿನ್ನಲಾಗದೆಂದು ಎಚ್ಚರಿಸಿಯೂ ಇದ್ದಾನೆ. ಈ ಎಚ್ಚರಿಕೆ ಪಾಸ್ತಾಕ್ಕೂ ಸಲ್ಲುತ್ತದೆ. ಒಣ ಪಾಸ್ತಾದ ತೂಕಕ್ಕೆ ಎರಡರಷ್ಟು ತರಕಾರಿ ಬೀಳಬೇಕೆಂದು ನಾವು ಹೇಳುವುದು ಇದರಿಂದಲೇ.

ಪೇಟೆಯ ಹೋಟೆಲುಗಳಲ್ಲಿ ಇದನ್ನು ಹಾಲಿನ ಕೆನೆ, ಮೈದಾ, ಚೀಸುಗಳಿಂದ ಮಂದವಾಗಿಸುತ್ತಾರೆ. ಕೆನೆಗೂ ಚೀಸಿಗೂ ಬೆಲೆ ಹೆಚ್ಚು; ಬೇಸಗೆಯಲ್ಲಿ ಬೇಗ ಕೆಡುವುದೂ ಉಂಟು. ನಮ್ಮ ಸೀಮೆಗೆ ಅವುಗಳ ಹಂಗಿಲ್ಲ. ಚಳ್ಳಕೆರೆ ಮೊಳಕಾಲ್ಮುರು ತಾಲ್ಲೂಕುಗಳು ರಾಜ್ಯದಲ್ಲಿ ಅತ್ಯಲ್ಪ ಮಳೆ ಬೀಳುವ ಪ್ರದೇಶಕ್ಕೆ ಸೇರಿದವು. ಆ ಮಳೆಯನ್ನೇ ನಂಬಿ ಬೆಳೆಯುವ ಶೇಂಗಾ ಇಲ್ಲಿಯ ಮುಖ್ಯ ಫಸಲು. ಶೇಂಗಾ ಎಣ್ಣೆಯ ಗಿರಣಿಗಳಿಂದಲೇ ಚಳ್ಳಕೆರೆಗೆ ‘ಎಣ್ಣೆಯ ನಗರ’ವೆಂಬ ಹೆಸರು ಬಂದುದು. ಶೇಂಗಾ ಬೀಜದಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಎಣ್ಣೆ, ಕಾಲು ಭಾಗದಷ್ಟು ಸಸಾರಜನಕ ಉಂಟು. ನೀರು ಬೆರೆಸಿ ನುಣ್ಣಗೆ ಅರೆದಾಗ ಎಣ್ಣೆಯು ಸೂಕ್ಷ್ಮ ಬಿಂದುಗಳಾಗಿ ನೀರಿನಲ್ಲಿ ಹರಡಿ ನಿಲ್ಲುತ್ತದೆ. ಹಾಲಿನಲ್ಲಿ ಕೊಬ್ಬು ನಿಂತಿರುವುದೂ ಹೀಗೆಯೇ. ಆದುದರಿಂದ ಶೇಂಗಾ ಹಾಲು ಕೆನೆಯ ಸ್ಥಾನವನ್ನು ಚೆನ್ನಾಗಿ ತುಂಬಬಲ್ಲದು.

ನಾಲ್ವರ ಊಟಕ್ಕೆ ಬೇಕಾದ ಪದಾರ್ಥಗಳು ಇವು: ಪಾಸ್ತಾ 300 ಗ್ರಾಂ, ಶೇಂಗಾ ಬೀಜ 100 ಗ್ರಾಂ, ಹುರುಳಿಕಾಯಿ, ಕ್ಯಾರೆಟ್, ದೊಣ್ಣಮೆಣಸಿನಕಾಯಿ, ಹೀರೇಕಾಯಿ ಮುಂತಾಗಿ ದೊರೆತ ತರಕಾರಿ ಒಟ್ಟು 600 ಗ್ರಾಂ, ಈರುಳ್ಳಿ 2, ಬೆಳ್ಳುಳ್ಳಿ 6 ಎಸಳು, ಶೇಂಗಾ ಎಣ್ಣೆ 2 ದೊಡ್ಡ ಚಮಚ, ಮೆಣಸಿನ ಪುಡಿ, ಉಪ್ಪು, ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು. ಇಲ್ಲಿ ಮೆಣಸೆಂದರೆ ಕರಿಮೆಣಸು.

ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆದು, ಕಾಲು ಗಂಟೆ ಬಿಸಿನೀರಿನಲ್ಲಿ ನೆನೆಯಿಡಿರಿ. ಆ ನೀರನ್ನು ಬಸಿದು, ಎರಡು ಲೋಟ ಹೊಸ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ತರಿಯಿಲ್ಲದಂತೆ ಅರೆಯಿರಿ. ಒಂದು ಒಲೆಯಲ್ಲಿ 3 ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ ಕುದಿಸಿ ಪಾಸ್ತಾ ಬಿಡಿರಿ. ಪೊಟ್ಟಣದ ಮೇಲೆ ಹೇಳಿದ ಕಾಲಕ್ಕಿಂತ ಎರಡು ನಿಮಿಷ ಮೊದಲೇ ಬಸಿಯತಕ್ಕದ್ದು. ಉಳಿದ ಬೇಯುವಿಕೆ ಶೇಂಗಾ ಹಾಲಿನಲ್ಲಿ ಆಗಬೇಕು. ಬಸಿದ ನೀರನ್ನು ಚೆಲ್ಲಲಾಗದು. ಪಾಸ್ತಾದ ಗಂಜಿ ಅದರಲ್ಲಿ ಕರಗಿರುತ್ತದೆ. ಹಾಲನ್ನು ಪಾಸ್ತಾಕ್ಕೆ ಅಂಟಿಸುವುದು ಆ ಗಂಜಿಯೇ. ಬಸ್ಸಾರು ಮಾಡಬಲ್ಲವರಿಗೆ ಬಸಿದ ನೀರಿನ ಬೆಲೆಯನ್ನು ಹೇಳಬೇಕಾಗಿಲ್ಲ.

ಇನ್ನೊಂದು ಒಲೆಯಲ್ಲಿ ಅಗಲವಾದ ಬಾಣಲೆಯಿಟ್ಟು, ಎಣ್ಣೆ ಕಾಯಿಸಿ, ಬೆಳ್ಳುಳ್ಳಿ ಈರುಳ್ಳಿಗಳನ್ನು ಬಾಡಿಸಿರಿ. ಗಟ್ಟಿ ತರಕಾರಿಯನ್ನು ಮೊದಲು, ಮೆತ್ತಗಿನದನ್ನು ಅನಂತರ ಹಾಕಿ ಮುಚ್ಚಿ ಬೇಯಿಸಿರಿ. ಬೆಂದ ಮೇಲೆ ಶೇಂಗಾ ಹಾಲನ್ನು ಹುಯ್ದು ಉರಿಯನ್ನು ತಗ್ಗಿಸಿ ಕೈಬಿಡದೆ ತಿರುವಿರಿ. ಇದು ಬೇಗ ತಳ ಹಿಡಿಯತಕ್ಕದ್ದು. ನಾಲ್ಕೈದು ನಿಮಿಷದಲ್ಲಿ ಹಾಲು ಮಂದವಾಗುವುದು. ಆಗ ಪಾಸ್ತಾ ಸೇರಿಸಿ, ಬಸಿದ ನೀರನ್ನು ಬೇಕಾದಷ್ಟು ಚಿಮುಕಿಸಿ, ಎರಡು ನಿಮಿಷ ಬೆರೆಸಿರಿ. ಉಪ್ಪಿನ ರುಚಿ ನೋಡಿ, ಇಳಿಸಿದ ಮೇಲೆ ಮೆಣಸು, ನಿಂಬೆರಸ, ಕೊತ್ತಂಬರಿ ಹಾಕತಕ್ಕದ್ದು.

ಪಾಸ್ತಾ ದೊರೆಯದ ಊರಿನಲ್ಲಿ ಗೋಧಿ ಶ್ಯಾವಿಗೆಯೇ ಆದೀತು. ಅದನ್ನು ಮೊದಲೇ ಹುರಿದಿಟ್ಟು, ಎರಡು ಮೂರು ನಿಮಿಷ ಮಾತ್ರ ಬೇಯಿಸಬೇಕು. ನವಣೆ, ರಾಗಿಗಳ ಶ್ಯಾವಿಗೆಯಲ್ಲಿ ಗೋಧಿಯ ಅಂಟು ಇಲ್ಲವಾದ್ದರಿಂದ ಬೇಗ ಮುರಿಯುತ್ತದೆ. ಹಬೆಯಲ್ಲಿ ಬೇಯಿಸಿ, ಮೇಲೆ ಶೇಂಗಾ ಹಾಲಿನ ಪಲ್ಯವನ್ನು ಬಡಿಸುವುದು ಲೇಸು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೀಜವನ್ನು ಹುರಿಯುವ ಮೊದಲು ಮೊರದಲ್ಲಿ ಹರಡಿ ಆರಿಸಿರಿ. ಬೂಷ್ಟು ಹಿಡಿದುದು, ಬಣ್ಣಗೆಟ್ಟುದು, ಸುರುಟಿದುದು, ಕಹಿಯಾದುದು, ಇವನ್ನು ನಿರ್ದಾಕ್ಷಿಣ್ಯವಾಗಿ ತೆಗೆದೆಸೆಯಿರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿಯ ಮೇವಿನಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತುವು. ಕಾರಣವನ್ನು ಶೋಧಿಸಿದ ವಿಜ್ಞಾನಿಗಳು ಆ ಬೂಷ್ಟಿನ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಅದು ಮನುಷ್ಯರ ಯಕೃತ್ತಿಗೂ ಕೇಡು. ಹುರಿದರೂ ಬೇಯಿಸಿದರೂ ಪೂರ್ಣವಾಗಿ ಹೋಗದು. ಒಳ್ಳೆಯ ಬೀಜವನ್ನು ಮಾರಿ ಉಳಿಕೆಯನ್ನು ಮನೆಗೆ ಇಟ್ಟುಕೊಳ್ಳುವ ರೈತ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಶೇಂಗಾ ಒಗ್ಗದ ದೇಹಪ್ರಕೃತಿಯವರಿಗೆ ಈ ಅಡಿಗೆಯನ್ನು ಸರ್ವಥಾ ಬಡಿಸಲಾಗದು.

ಒಬ್ಬರೇ ಮಾಡಿದರೆ ಈ ಅಡಿಗೆಗೆ ಮುಕ್ಕಾಲು ಗಂಟೆ ಬೇಕಾದೀತು. ಹಂಚಿಕೊಂಡರೆ ಅರ್ಧ ಗಂಟೆ ಸಾಕು. ಬೀಜ ಆರಿಸುವುದನ್ನೂ ಸಿಪ್ಪೆ ಉಜ್ಜುವುದನ್ನೂ ಮಕ್ಕಳು ಆಟದಂತೆ ಮಾಡುವರು; ಸ್ವತಃ ಉಜ್ಜಿದ ಬೀಜದ ಅಡಿಗೆಯಲ್ಲಿ ಹೀರೇಕಾಯಿಯಿದ್ದರೂ ಅವರ ತಕರಾರು ಕಡಮೆ. ತರಕಾರಿ ಹೆಚ್ಚುವುದು ಗೃಹಸ್ಥನ ಪಾಲಿಗಿರಲಿ. ನಮ್ಮ ಪೂರ್ವಿಕರು ಪಾಕಶಾಸ್ತ್ರದಲ್ಲಿ ನಳನನ್ನೂ ಭೀಮನನ್ನೂ ಕೊಂಡಾಡಿದರು. ಅವರು ಕ್ಷತ್ರಿಯರು, ಪುರುಷರು. ಹಾಗಿರಲು ಹುರುಳಿಕಾಯಿ ಹೆಚ್ಚುವುದರಿಂದ ನಮ್ಮ ಗೌರವಕ್ಕೆ ಕುಂದೇನು? ಬಾಣಲೆಯನ್ನು ನಡುವೆ ಇಟ್ಟು, ಮಾಡಿದವಳನ್ನೂ ಕೂಡಿಸಿಕೊಂಡು, ಎಲ್ಲರೂ ಒಂದೇ ಸಲ ಬಡಿಸಿಕೊಳ್ಳಲಿ.