ಆ ಸ್ಕ್ರೂಗೆ ಪಾನಾ ಹಚ್ಚಬೇಡಿ

"ಅಣ್ಣಾ, ಟ್ರಾಲಿ ಏಳವಲ್ದು. ಆ ಸ್ಕ್ರೂ ಎರಡ್ ಸುತ್ತ ಟೈಟ್ ಮಾಡ್ರಿ." ಮಳಖೇಡದ ನನ್ನ ಗ್ಯಾರೇಜಿಗೆ ಬರುವ ಡ್ರೈವರ್‌ಗಳದು ಹೆಚ್ಚಾಗಿ ಇದೇ ಮಾತು. ಶಹಾಬಾದ್ ಕಡೆಯ ಗಣಿಯಿಂದ ಒಡಕು ಕಲ್ಲು ಹೇರಿಕೊಂಡು ಬಂದಿರುತ್ತಾರೆ. ಲಿವರ್ ಎಳೆದರೆ ಟ್ರಾಲಿ ಗೇಣುದ್ದ ಎದ್ದು ನಿಲ್ಲುತ್ತದೆ, ಒಳಗೆ ಕುಂಯ್ ಅನ್ನುತ್ತದೆ. ನಾನು ಆ ಸ್ಕ್ರೂ ಮುಟ್ಟುವುದಿಲ್ಲ.

ಹೈಡ್ರಾಲಿಕ್ ಪಂಪಿಗೆ ಎಣ್ಣೆ ತಳ್ಳುವುದೊಂದೇ ಗೊತ್ತು. ಮುಂದೆ ದಾರಿ ಕಟ್ಟಿದ್ದರೂ ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ತಳ್ಳುತ್ತಲೇ ಇರುತ್ತದೆ. ಒತ್ತಡ ಏರುತ್ತಾ ಹೋಗಿ ಪೈಪೋ ಪಂಪೋ ಒಡೆಯಬೇಕು. ಹಾಗಾಗದಿರಲೆಂದೇ ರಿಲೀಫ್ ವಾಲ್ವ್ ಇಟ್ಟಿರುವುದು. ಬೆರಳಷ್ಟು ಸಾಮಾನು: ಒಂದು ಉಕ್ಕಿನ ಗುಂಡು ಅಥವಾ ಚೂಪು ಮೂತಿಯ ಮುಚ್ಚಳ, ಅದನ್ನು ಸೀಟಿಗೆ ಒತ್ತಿ ಹಿಡಿದ ಗಟ್ಟಿ ಸ್ಪ್ರಿಂಗ್, ಸ್ಪ್ರಿಂಗಿನ ಬೆನ್ನಿಗೆ ಸ್ಕ್ರೂ ಅಥವಾ ತೆಳು ವಾಷರ್‌ಗಳು. ಎಣ್ಣೆಯ ಬಲ ಸ್ಪ್ರಿಂಗಿನ ಬಲವನ್ನು ಮೀರಿದ ಕ್ಷಣ ಗುಂಡು ಹಿಂದೆ ಸರಿಯುತ್ತದೆ, ಹೆಚ್ಚಾದ ಎಣ್ಣೆ ಮರಳಿ ಟ್ಯಾಂಕಿಗೆ ಹೋಗುತ್ತದೆ. ನೀವು ಕೇಳುವ ಕುಂಯ್ ಸದ್ದು ಅದೇ.

ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಬಾರ್. ಟ್ರ್ಯಾಕ್ಟರಿನ ಹೈಡ್ರಾಲಿಕ್ಸ್‌ನಲ್ಲಿ ಸಾಮಾನ್ಯವಾಗಿ 150ರಿಂದ 200 ಬಾರ್. 80 ಮಿಲಿಮೀಟರ್ ಅಗಲದ ಪಿಸ್ಟನ್ನಿಗೆ 180 ಬಾರ್ ಬಿದ್ದರೆ ಅದು 9 ಟನ್ ಬಲದಿಂದ ತಳ್ಳುತ್ತದೆ. ಸ್ಕ್ರೂ ತಿರುವಿ, ಸ್ಪ್ರಿಂಗ್ ಬಿಗಿದು 220 ಬಾರ್ ಮಾಡಿದಿರಿ ಅನ್ನಿ, 11 ಟನ್ ಆಯಿತು. ಟ್ರಾಲಿ ಎದ್ದೀತು. ಆದರೆ ಪೈಪು, ಸೀಲು, ಪಂಪಿನ ಶಾಫ್ಟು ಹಳೆಯವೇ ಅಲ್ಲವೇ?

ಈ ಆಸೆ ಹೊಸದಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು, ನಮ್ಮ ಮಳಖೇಡ ರೋಡ್, ಸೇಡಂ ಎಲ್ಲ ಅದೇ ದಾರಿಯಲ್ಲಿವೆ. ಉಗಿ ಎಂಜಿನ್ನಿಗೂ ಇಂಥದೇ ವಾಲ್ವ್ ಇರುತ್ತಿತ್ತು. ನಮ್ಮಲ್ಲಿಗೆ ಆ ರೈಲು ಬರುವ ಮೊದಲೇ ಇಂಗ್ಲೆಂಡಿನ ಡ್ರೈವರ್‌ಗಳು ಹೆಚ್ಚಿನ ಜೋರಿಗಾಗಿ ಅದನ್ನು ಬಿಗಿದು ಬಾಯ್ಲರ್ ಸಿಡಿಸಿಕೊಳ್ಳುತ್ತಿದ್ದರು. ಅದಕ್ಕೇ 1855ರ ಸುಮಾರಿಗೆ ಜಾನ್ ರಾಮ್ಸ್‌ಬಾಟಮ್ ಎಂಬ ಎಂಜಿನಿಯರ್ ಡ್ರೈವರ್ ಬಿಗಿಯಲು ಬಾರದಂಥ ವಾಲ್ವ್ ಮಾಡಿದ. ಟ್ರ್ಯಾಕ್ಟರಿನ ಸ್ಕ್ರೂ ಮಾತ್ರ ಇವತ್ತಿಗೂ ಪಾನಾಕ್ಕೆ ಸಿಗುತ್ತದೆ.

ಟ್ರಾಲಿ ಏಳುವ ಮೊದಲ ಗೇಣಿನಲ್ಲೇ ಭಾರ ಎಲ್ಲಕ್ಕಿಂತ ಹೆಚ್ಚು, ಮೇಲೆ ಹೋದಂತೆ ಹಗುರ. ಶುರುವಿನಲ್ಲೇ ಕುಂಯ್‌ಗುಟ್ಟಿದರೆ ಹೇರಿದ್ದು ಹೆಚ್ಚಾಗಿದೆ ಎಂದೇ ತಿಳಿಯಿರಿ. ಒಂದು ಘನ ಮೀಟರ್ ಗಟ್ಟಿ ಕಲ್ಲು ಎರಡೂವರೆ ಟನ್ ದಾಟುತ್ತದೆ. ಲಿವರ್ ಹಿಡಿದೇ ಕೂತರೆ ಎಣ್ಣೆ ಕಾಯುತ್ತದೆ. ನಿಮಿಷಕ್ಕೆ 20 ಲೀಟರ್ ತಳ್ಳುವ ಪಂಪು 180 ಬಾರ್‌ನಲ್ಲಿ ತಿನ್ನುವುದು 8 ಅಶ್ವಶಕ್ತಿ, ವಾಲ್ವ್ ತೆರೆದಾಗ ಅಷ್ಟೂ ಬಿಸಿಯಾಗಿ ಹೋಗುತ್ತದೆ. 40 ಲೀಟರ್ ಎಣ್ಣೆ ನಿಮಿಷಕ್ಕೆ 5 ಡಿಗ್ರಿ ಏರುತ್ತದೆ. ಅದೂ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ!

ಖಾಲಿ ಟ್ರಾಲಿಯೂ ಮೆತ್ತಗೆ ಏಳುತ್ತಿದೆ, ಮುಂಜಾನೆ ಸರಿ, ಮಧ್ಯಾಹ್ನ ಇಲ್ಲ ಎಂದರೆ ರೋಗ ಬೇರೆ. ಕಾದ ಎಣ್ಣೆ ತೆಳುವಾಗಿ ಸವೆದ ಪಂಪಿನಲ್ಲೋ ವಾಲ್ವಿನ ಸೀಟಿನಲ್ಲೋ ಸೋರುತ್ತಿರುತ್ತದೆ. ಗುಂಡಿನ ಕೆಳಗೆ ಕಲ್ಲಿನ ಹುಡಿಯ ಒಂದು ಕಣ ಸಿಕ್ಕಿಕೊಂಡರೂ ಸಾಕು. ಮೊದಲು ಎಣ್ಣೆ, ಫಿಲ್ಟರ್ ನೋಡಿ. ಆಮೇಲೆ ಪ್ರೆಶರ್ ಗೇಜ್ ಹಚ್ಚಿ, ಕಂಪನಿ ಪುಸ್ತಕದಲ್ಲಿರುವ ಅಂಕಿಗೆ ಹೋಲಿಸಿ. ಗೇಜ್ ಇಲ್ಲದೆ ಕಿವಿಯ ಅಂದಾಜಿನಲ್ಲಿ ಸ್ಕ್ರೂ ತಿರುಗಿಸುವವರನ್ನು ನಂಬಬೇಡಿ.

ತೊಗರಿ ಹೊಲ ಮಾಗಿ ಹೊಡೆದು ಪಲ್ಟಿ ನೇಗಿಲು ಎತ್ತಿಕೊಂಡು ಹೊರಟಾಗ ತಗ್ಗಿನಲ್ಲಿ ಜಿಗಿದರೆ ಒತ್ತಡ ಸಿಲಿಂಡರಿನ ಕಡೆಯಿಂದ ಹುಟ್ಟುತ್ತದೆ. ಆಗ ದಾರಿ ನಡುವೆ ಮುಚ್ಚಿರುವುದರಿಂದ ಪಂಪಿನ ಕಡೆಯ ವಾಲ್ವಿಗೆ ಅದು ತಟ್ಟುವುದೇ ಇಲ್ಲ. ಆದ್ದರಿಂದಲೇ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಸಿಲಿಂಡರಿಗೆ ಬೇರೆ ಸೇಫ್ಟಿ ವಾಲ್ವ್ ಇರುತ್ತದೆ. ಗುಂಡಿಯ ದಾರಿಯಲ್ಲಿ ನಿಧಾನ ಹೋಗಿ.

ಪೈಪು ಸೋರುತ್ತಿದ್ದರೆ ಕೈಯಿಂದ ಸವರಿ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮದೊಳಗೆ ಹೊಕ್ಕುತ್ತದೆ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು ಕಂಡರೂ ಅರಿಶಿನ ಮೆತ್ತಿ ಕೂರದೆ ಆ ತಾಸಿನಲ್ಲೇ ಆಸ್ಪತ್ರೆಗೆ ಹೋಗಿ, ಎಣ್ಣೆ ಹೊಕ್ಕಿದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಿ.